ಎರಡರಿಂದ ನಾಲ್ಕರ ಬೆಳಕು

ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಸ್ಥಳ ಬನಹಟ್ಟಿ, ಪವರ್‌ಲೂಮ್ ಶೆಡ್ಡಿನ ಹಿಂದಿನ ಕೋಣೆ. ಹಾಜರಿದ್ದವರು ಮೂವರು: ತೀರಿಕೊಂಡವನ ಹೆಂಡತಿ, ಆಕೆಯ ಅಣ್ಣ ಮತ್ತು ನಾನು. ಕೆಲಸ ಒಂದೇ. ಸಂಜೆ ಆರರೊಳಗೆ ಕೋಣೆ ಖಾಲಿ ಮಾಡಿ ಕೀಲಿ ಒಪ್ಪಿಸಬೇಕು. ಶೆಡ್ಡೂ ಕೋಣೆಯೂ ಅಣ್ಣನವು. ಮರುದಿನ ಅಲ್ಲಿ ಇನ್ನೊಂದು ಮಗ್ಗ ಕೂರಿಸುವವರು ಬರುವವರಿದ್ದರು.

ಆತ ಹೋಗಿ ಇಪ್ಪತ್ತು ದಿನವಾಗಿತ್ತು. ನಲವತ್ತೇಳು ವಯಸ್ಸು, ಎದೆನೋವು, ಒಂದೇ ರಾತ್ರಿಯ ಮಾತು. ದಿನಕರ್ಮಗಳು ಮುಗಿದ ಮೇಲೆ ಹೆಂಡತಿ ನನಗೆ ಫೋನ್ ಮಾಡಿದ್ದಳು. "ಸರ, ಆ ಖೋಲ್ಯಾಗ ಏನೇನ ಅದಾವೋ ನಮಗ ತಿಳಿಯೂದಿಲ್ರಿ. ಯಾವ್ದ ಏನ ಅಂತ ಗೊತ್ತಿದ್ದವರು ನೀವೊಬ್ರ." ಜಮಖಂಡಿಯಿಂದ ಒಂಬತ್ತರ ಬಸ್ಸು ಹಿಡಿದು ಬಂದಿದ್ದೆ.

ಅಣ್ಣ ಬಾಗಿಲಲ್ಲೇ ಎದುರುಗೊಂಡ. ಮಾತಿನಲ್ಲಿ ಚುರುಕು, ಮನಸ್ಸು ಕೆಟ್ಟದ್ದಲ್ಲ. "ಬರ್ರಿ ಸರ, ಬರ್ರಿ. ನಮ್ಮ ಭಾವನ ಆಸ್ತಿ ನೋಡ ಬರ್ರಿ. ನೊಣದ ಕಣ್ಣ ಬುಟ್ಟಿಗಟ್ಲೆ ಅದಾವ. ಹಾರಿದ್ದ ನೊಣ ಮಾತ್ರ ಒಂದೂ ಇಲ್ಲ."

"ಅಣ್ಣಾ, ಸುಮ್ನ ಇರಬಾರ್ದ?" ಎಂದಳು ತಂಗಿ.

"ನಾ ಸುಳ್ಳ ಹೇಳಾಕತ್ತೇನೇನು? ಹತ್ತ ಮಂದಿ ಮುಂದ ಹಾರಸ್ತೇನಿ ಅಂದ, ಗ್ವಾಡಿಗೆ ಬಡದ. ಕೆಲಸಾ ಹೋತು. ಹುಚ್ಚರ ಸುದ್ದಿ ಅಂತ ಊರ ಮಂದಿ ಅಂದ್ರ ನನಗ್ಯಾಕ ಸಿಟ್ಟ ಮಾಡ್ತಿ?"

ಅಣ್ಣ ಮಗ್ಗದ ಕಡೆ ಹೋದ. ನಾನು ಅಂಗಿಯ ತೋಳು ಮಡಚಿ ಬಾಗಿಲ ಬಳಿ ಮೂರು ಜಾಗ ಗುರುತು ಮಾಡಿದೆ: ಮನೆಗೆ ಬೇಕಾದದ್ದು, ಯಾರಿಗಾದರೂ ಉಪಯೋಗವಾಗುವಂಥದ್ದು, ಗುಜರಿ. ಮಧ್ಯಾಹ್ನದ ಹೊತ್ತಿಗೆ ಮೂರನೆಯದೇ ಎದೆಮಟ್ಟ ಏರಿತ್ತು.

ನಾನು ಹದಿನೈದು ವರ್ಷ ವಾಯುಪಡೆಯಲ್ಲಿ ನೆಲದ ಕೆಲಸ ಮಾಡಿದವನು. ವಿಮಾನಗಳಿಗೆ ಸ್ಪ್ಯಾನರ್ ಹಿಡಿದಿದ್ದೇನೆ, ಹಾರಿಲ್ಲ. ನಿವೃತ್ತಿಯಾಗಿ ಬಂದ ಮೇಲೆ ನಮ್ಮ ಸೀಮೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ವರ್ಕ್‌ಶಾಪ್ ಮತ್ತು ಪ್ರಯೋಗಾಲಯಗಳ ಮೇಲ್ವಿಚಾರಕನಾದೆ. ಅದರ ಹೆಸರು ಇಲ್ಲಿ ಬೇಡ. ಅಲ್ಲಿ ಪ್ರತಿ ಉಪಕರಣಕ್ಕೂ ಒಂದು ಮೊಳೆ, ಪ್ರತಿ ಮೊಳೆಗೂ ಒಂದು ಸಂಖ್ಯೆ ಇತ್ತು. ಸಂಜೆ ಐದಕ್ಕೆ ಒಂದು ಸ್ಕ್ರೂಡ್ರೈವರ್ ಕಡಿಮೆಯಿದ್ದರೆ ಐದೂ ಹದಿನೈದರವರೆಗೆ ಯಾರೂ ಹೊರಗೆ ಹೋಗುತ್ತಿರಲಿಲ್ಲ. ಈತ ಅಲ್ಲಿಗೆ ಅರೆಕಾಲಿಕ ಉಪನ್ಯಾಸಕನಾಗಿ ಬಂದದ್ದು ಮುಧೋಳ, ಜಮಖಂಡಿಯ ಕಬ್ಬಿಗೆಲ್ಲ ಬಿಳಿ ಉಣ್ಣೆ ಹೇನು ಬಿದ್ದ ವರ್ಷ.

ಬಂದ ಮೊದಲ ವಾರವೇ ಲ್ಯಾಬಿನ ಮೇಜಿನ ಮೇಲೆ ಇರುವೆ ಸಾಲು ಕಂಡಿತು. ಹುಡುಕಿದರೆ ಈತನ ಜೇಬಿನಿಂದ ಬೆಲ್ಲದ ಹೆಂಟೆ ಹೊರಬಂತು.

"ಇದೇನ್ರಿ ಇದು? ಲ್ಯಾಬಿನ್ಯಾಗ ಬೆಲ್ಲ?"

"ನೊಣಕ್ಕರಿ."

"ನೊಣ ಓಡಸಾಕ ನಾ ಫಿನಾಯಿಲ್ ಹಾಕಸ್ತೇನಿ. ನೀವು ಕರೀತೀರಿ?"

"ನೀವು ಓಡಸ್ತೀರಿ ಅಂತಲೇ ಬೆಲ್ಲ ತರಬೇಕಾತ್ರಿ," ಎಂದು ನಕ್ಕ. ಗಾಜಿನ ಲೋಟದಡಿ ನೊಣವೊಂದನ್ನು ಹಿಡಿದಿಟ್ಟು ಲೋಟದ ಸುತ್ತ ಪಟ್ಟೆ ಎಳೆದ ಕಾಗದ ತಿರುಗಿಸುತ್ತಿದ್ದ. ಕಾಗದ ಬಲಕ್ಕೆ ತಿರುಗಿದರೆ ನೊಣವೂ ಬಲಕ್ಕೆ ತಿರುಗುತ್ತಿತ್ತು. ಎಡಕ್ಕೆಂದರೆ ಎಡಕ್ಕೆ. ನಾನು ಬೆಲ್ಲವನ್ನು ಮುಟ್ಟುಗೋಲು ಹಾಕಿಕೊಂಡು ಲೋಟವನ್ನು ಮಾತ್ರ ಬಿಟ್ಟೆ. ಅಂದಿನಿಂದ ಹುಡುಗರ ಬಾಯಲ್ಲಿ ಆತ ನೊಣದ ಸರ್.

ಆತನದು ಬೀಳಗಿ ತಾಲೂಕಿನ ಕುರಿಗಾರರ ಮನೆ. ಊರು ಹಿನ್ನೀರಿಗೆ ಹೋಗಿ, ಮನೆಯವರು ಪುನರ್ವಸತಿ ಕೇಂದ್ರದ ಒಂದೇ ಅಳತೆಯ ಮನೆಗಳಿಗೆ ಬಂದವರು. ಕಾಲೇಜು ಸೇರುವವರೆಗೂ ರಜೆ ಎಂದರೆ ತಂದೆಯ ಕುರಿಗಳ ಹಿಂದೆ ನಡೆಯುವುದು. ಬಿಸಿಲಿಗೆ ಕುರಿಗಳ ಕಣ್ಣಂಚಿಗೆ ನೊಣ ಮುತ್ತುತ್ತವೆ. ಅವನ್ನು ಹೊಡೆಯುವುದು ಆತನ ಪಾಲಿನ ಕೆಲಸ. "ಹತ್ತ ವರ್ಷ ಹೊಡದೇನ್ರಿ ಸರ. ಒಂದೂ ಸಿಗಲಿಲ್ಲ. ರಾಗಿಕಾಳಿನಷ್ಟ ತಲಿ ಅದರದು. ನಂದು ಕುಂಬಳಕಾಯಿಯಷ್ಟ. ಸಿಗಬೇಕಿತ್ತ ಇಲ್ಲೋ?" ಆ ಪ್ರಶ್ನೆಯೇ ಆತನ ಎಲೆಕ್ಟ್ರಾನಿಕ್ಸ್ ಓದಿಗೆ ಕಾರಣ ಎಂದು ಹೇಳುತ್ತಿದ್ದ.

ನೊಣ ಹೇಗೆ ತಪ್ಪಿಸಿಕೊಳ್ಳುತ್ತದೆಂದು ನನಗೆ ತಿಳಿಸಿದ್ದು ಬಸ್ಸಿನಲ್ಲಿ. ಜಮಖಂಡಿಯಿಂದ ಮುಧೋಳಕ್ಕೆ ಹೊರಟಿದ್ದೆವು. "ಕಿಟಕ್ಯಾಗ ನೋಡ್ರಿ. ರಸ್ತಾದ ಬಾಜೂಕಿನ ಕಬ್ಬ ಹ್ಯಾಂಗ ಓಡತೈತಿ? ಆ ದೂರದ ಗುಡ್ಡ ನಿಂತಾಂಗ ಐತಿ. ಹೌದಿಲ್ಲೋ? ಜೋರ ಓಡೂದು ಹತ್ರ ಐತಿ, ಸಾವಕಾಶ ಓಡೂದು ದೂರ ಐತಿ. ನೊಣಾ ಇಷ್ಟ ನೋಡತೈತ್ರಿ. ಅದು ಕಬ್ಬೋ ಜ್ವಾಳೋ ಅದಕ್ಕ ಬೇಕಾಗಿಲ್ಲ. ಎಡಗಡೆ ಜೋರ ಓಡಿದ್ರ ಬಲಕ್ಕ ಸರೀತೈತಿ. ಎರಡೂ ಕಡೆ ಒಂದ ಸಮ ಓಡಾಕತ್ರ ನಟ್ಟನಡುವ ಹೊಂಟೈತಿ ಅಂತ ಅರ್ಥ."

ಕಾಲೇಜಿನ ಮೊಗಸಾಲೆಯಲ್ಲಿ ಆತ ನಡೆಯುವುದೂ ಹಾಗೆಯೇ ಇತ್ತು. ಗೋಡೆ ಸವರದೆ, ಕಂಬ ಮುಟ್ಟದೆ, ಸರಿಯಾಗಿ ನಡುವೆ. ಎದುರಿಗೆ ಯಾರಾದರೂ ಬಂದರೆ ತಲೆಯನ್ನು ತುಸು ಎಡಕ್ಕೂ ಬಲಕ್ಕೂ ಆಡಿಸಿ ಆಮೇಲೆ ದಾರಿ ಬಿಡುತ್ತಿದ್ದ. ಹುಡುಗರು ಅದನ್ನು ಅಣಕಿಸಿ ತೋರಿಸುತ್ತಿದ್ದರು. ಆತನ ಮುಂದೆಯೇ ತೋರಿಸಿದಾಗ, "ಇನ್ನಷ್ಟ ಸಾವಕಾಶ ಆಡ್ಸಲೇ, ಜೋರ ಆಡಿಸಿದ್ರ ಗ್ವಾಡಿಗೆ ಬಡೀತಿ" ಎಂದು ತಿದ್ದಿದ್ದ.

ಇದನ್ನೆಲ್ಲ ಏಕೆ ಮಾಡಬೇಕು ಎಂಬುದಕ್ಕೆ ಆತನ ಬಳಿ ಒಂದು ನೇರವಾದ ಉತ್ತರವಿತ್ತು. ಎಂಟು ತಿಂಗಳ ಕಬ್ಬಿನೊಳಗೆ ಮನುಷ್ಯ ಹೋಗಲಾರ. ಎಲೆಯ ಅಂಚು ಮೈ ಕೊಯ್ಯುತ್ತದೆ. ಉಣ್ಣೆ ಹೇನು ಬಿದ್ದದ್ದು ಅಂಚಿಗೆ ಕಾಣುವಷ್ಟರಲ್ಲಿ ನಡುವಿನ ಎಕರೆ ಮುಗಿದಿರುತ್ತದೆ. ಅಂಗೈಯಗಲದ ಒಂದು ಯಂತ್ರ ಎರಡು ಸಾಲಿನ ನಡುವೆ ಕಬ್ಬಿಗೆ ತಾಗದೆ ಹಾರಿ ಹೋಗಿ ನೋಡಿಕೊಂಡು ಬಂದರೆ ಸಾಕು. ದೊಡ್ಡ ಕ್ಯಾಮೆರಾ, ದೊಡ್ಡ ಕಂಪ್ಯೂಟರ್ ಹೊರುವ ಶಕ್ತಿ ಅಷ್ಟು ಸಣ್ಣ ಯಂತ್ರಕ್ಕಿಲ್ಲ. ಆದ್ದರಿಂದ ನೊಣದ ಕಣ್ಣು. ದೂರದ ದೇಶಗಳಲ್ಲಿ ದೊಡ್ಡವರು ಇದನ್ನೇ ಮಾಡುತ್ತಿದ್ದಾರೆಂದು ಆತನಿಗೆ ತಿಳಿದಿತ್ತು. "ನಾ ಹೊಸಾದೇನೂ ಮಾಡಾಕತ್ತಿಲ್ರಿ. ನಮ್ಮಲ್ಲಿನೂ ಆಗತೈತಿ ಅಂತ ತೋರಸಾಕತ್ತೇನಿ, ಅಷ್ಟ."

ಮಿರಜಿನ ಪೇಟೆಯಿಂದ ಆಟಿಕೆಯ ಹೆಲಿಕಾಪ್ಟರ್ ತಂದ. ಅದರ ಬಣ್ಣದ ಕವಚವನ್ನೆಲ್ಲ ಕಿತ್ತೆಸೆದು ಎರಡು ಕೆನ್ನೆಗೆ ಎರಡು ಕಣ್ಣು ಕೂರಿಸಿದ. ಒಂದೊಂದು ಕಣ್ಣಿನಲ್ಲಿ ಬೆಳಕು ತಾಕಿದರೆ ಸಂಜ್ಞೆ ಕೊಡುವ ಕೆಲವೇ ಬಿಂದುಗಳು, ಸಾಲಾಗಿ. ಅವುಗಳ ಮುಂದೆ ಸಾಸಿವೆಯಂಥ ಮಸೂರಗಳು. ಒಂದು ಕಪ್ಪು ಗೆರೆ ಈ ಬಿಂದುವಿನಿಂದ ಪಕ್ಕದ ಬಿಂದುವಿಗೆ ದಾಟಲು ಎಷ್ಟು ಹೊತ್ತು ಹಿಡಿಯಿತು ಎಂಬುದಷ್ಟೇ ಅದರ ಲೆಕ್ಕ.

ಪರೀಕ್ಷಿಸಲು ಓಣಿಯಂಥ ಒಂದು ದಾರಿ ಬೇಕಾಯಿತು. ಎರಡೂ ಬದಿಗೆ ಕಪ್ಪು ಬಿಳಿ ಪಟ್ಟೆಯ ಬಟ್ಟೆಯ ಗೋಡೆ. ಬಟ್ಟೆಗೆ ಹೆಂಡತಿಯ ತವರಿಗೆ ಹೋದ. ಅವರು ಎರಡು ತಲೆಮಾರಿನ ಹಿಂದೆ ಕಂಬಳಿ ನೇಯುವುದು ಬಿಟ್ಟು ಸೀರೆ ನೇಯ್ಗೆಗೆ ಬಂದವರು. ಆಗಲೂ ಈ ಅಣ್ಣನೇ ಎದುರಾದದ್ದು.

"ಇಂಥಾ ಸೀರಿ ಯಾರ ಉಡತಾರೋ ಭಾವ?"

"ಯಾರೂ ಉಡೂದಿಲ್ಲ. ಹೆಲಿಕಾಪ್ಟರ್ ನೋಡತೈತಿ."

"ನೋಡೂದಕ್ಕಾದ್ರೂ ದಡಿ ಬೇಕಲ್ಲ? ದಡಿ ಇಲ್ಲದ ಅರಿಬಿ ನಮ್ಮ ಮಗ್ಗದ ಮ್ಯಾಲ ಇಳದಿಲ್ಲ, ಇಳಿಯೂದೂ ಇಲ್ಲ."

ಕೊನೆಗೆ ಕೆಂಪು ದಡಿಯೊಂದಿಗೇ ಹನ್ನೆರಡು ಗಜ ಇಳಿಯಿತು. ನೇಯ್ದವಳು ಹೆಂಡತಿ. ಎರಡೆರಡು ಇಂಚಿಗೆ ಮಗ್ಗ ನಿಲ್ಲಿಸಿ, ಕಪ್ಪು ಲಾಳಿ ತೆಗೆದು ಬಿಳಿ ಲಾಳಿ ಹಾಕಿ, ಮತ್ತೆ ನಿಲ್ಲಿಸಿ, ಹೀಗೆ. ಒಂಬತ್ತು ದಿನ. ಆತ ದಡಿಯನ್ನು ಮೇಲೂ ಕೆಳಗೂ ಹಿಂದಕ್ಕೆ ಮಡಚಿ ಗುಂಡುಸೂಜಿ ಚುಚ್ಚಿದ. ಕತ್ತರಿಸಲಿಲ್ಲ.

ಈಗ ನನ್ನ ಪಾಲಿನ ಸಂಗತಿ. ಆಗ ನಮ್ಮಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕರೆಂಟು ತೆಗೆಯುತ್ತಿದ್ದರು. ವೇಳಾಪಟ್ಟಿ ಹಾಕುವವನು ನಾನು. ಆ ಎರಡು ತಾಸಿನ ಚೌಕದಲ್ಲಿ ಅಡ್ಡಗೆರೆ ಎಳೆದು 'ಲ್ಯಾಬ್ ಬಂದ್' ಎಂದು ಬರೆದಿದ್ದೆ. ಆತ ಬಂದು ಆ ಹೊತ್ತನ್ನು ಕೇಳಿದ. "ನನ್ನ ಯಂತ್ರ ಬ್ಯಾಟರಿ ಮ್ಯಾಲ ನಡೀತೈತಿ, ಕರೆಂಟ್ ಬ್ಯಾಡ್ರಿ. ಕಿಟಕಿ ಬೆಳಕ ಸಾಕು." ಬಂದ್ ಎಂದು ಬರೆದ ಹೊತ್ತಿನಲ್ಲಿ ಅರೆಕಾಲಿಕ ನೌಕರನಿಗೆ ಲ್ಯಾಬ್ ತೆರೆದುಕೊಡುವುದು ನಿಯಮವಲ್ಲ. ಆದರೆ ಆ ಹೊತ್ತು ಇನ್ನಾರಿಗೂ ಬೇಡವಾಗಿತ್ತು. ತೆರೆದುಕೊಟ್ಟೆ. ಕೀಲಿ ಯಾರ ಕೈಗೂ ಕೊಡುವವನಲ್ಲವಾದ್ದರಿಂದ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ನಾನೇ ಕೂತೆ. ಲಾಗ್‌ಬುಕ್ಕಿನಲ್ಲಿ ಬರೆಯಲಿಲ್ಲ. ಬರೆದರೆ ಬಂದ್ ಇದ್ದ ಲ್ಯಾಬಿನಲ್ಲಿ ಏನು ನಡೆಯಿತು ಎಂದು ಯಾರಾದರೂ ಕೇಳುತ್ತಿದ್ದರು.

ಒಂದೂವರೆ ವರ್ಷ ಹಾಗೆ ಕೂತೆ. ಮೊದಮೊದಲು ಆ ಯಂತ್ರ ಏಳುವುದೂ ಬೀಳುವುದೂ ಒಂದೇ. ಪ್ರತಿ ಬಾರಿ ಬಿದ್ದಾಗಲೂ ಆತ ಅದನ್ನು ಎತ್ತಿಕೊಂಡು, "ಬಡಿದದ್ದ ಎಲ್ಲಿ ಅಂತ ಗೊತ್ತಾತು" ಎನ್ನುತ್ತಿದ್ದ. ಗೋಡೆಯ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಸಣ್ಣ ಗುರುತು ಹಾಕುತ್ತಿದ್ದ. ನಾನು ಪತ್ರಿಕೆ ಓದುತ್ತಿದ್ದೆ. ಒಂದು ಬುಧವಾರ ಗುರ್ರೆನ್ನುವ ಸದ್ದು ಎಂದಿನಂತೆ ನಿಲ್ಲಲಿಲ್ಲ. ತಲೆ ಎತ್ತಿದೆ. ಅದು ಓಣಿಯ ಆ ತುದಿಯಿಂದ ಈ ತುದಿಗೆ, ನಟ್ಟನಡುವೆ, ನನ್ನ ಕಡೆಗೇ ಬರುತ್ತಿತ್ತು. ನನ್ನ ಮೊಣಕಾಲಿನಿಂದ ಒಂದು ಮೊಳ ದೂರದಲ್ಲಿ ಆತ ಅದನ್ನು ಅಂಗೈಗೆ ಇಳಿಸಿಕೊಂಡ. ಆತ ಬೆವರು ಒರೆಸಿಕೊಂಡು, "ಸರ, ಚಾ ಕುಡಿಯೂಣೇನು?" ಎಂದ. "ನಾಲ್ಕಕ್ಕೆ," ಎಂದೆ. ಮುಂದಿನ ತಿಂಗಳಲ್ಲಿ ಅದು ಹಾಗೆ ಇನ್ನೂ ಹತ್ತು ಸಲ ಬಂತು.

ಆತ ಕೊಟ್ಟ ಅರ್ಜಿ ನೋಡಿ ಪ್ರಾಚಾರ್ಯರು ಬೆಂಗಳೂರಿಗೆ ಬರೆದರು. ಯೋಜನೆಗಳನ್ನು ನೋಡಿ ಮಂಜೂರು ಮಾಡುವ ಸಮಿತಿಯ ಮೂವರು ಬರುವುದೆಂದಾಯಿತು. ಅವರು ಹೂಂ ಅಂದರೆ ಮೂರು ವರ್ಷದ ಯೋಜನೆ, ಅದರೊಂದಿಗೆ ಆತನಿಗೆ ಪೂರ್ಣಕಾಲದ ಹುದ್ದೆ. ಇಲ್ಲವೆಂದರೆ ಪ್ರತಿ ಏಪ್ರಿಲ್‌ನಲ್ಲಿ ಮುಗಿದು ಜೂನ್‌ನಲ್ಲಿ ಬಂದರೆ ಬರುವ ಆ ನೇಮಕದ ಕಾಗದವೂ ಅನುಮಾನ. ಆತನಿಗೆ ಆಗ ಮೂವತ್ತೆಂಟು. ಇದು ನಮಗೆಲ್ಲ ತಿಳಿದಿತ್ತು.

ಆ ದಿನದ ವ್ಯವಸ್ಥೆ ಪೂರ್ತಿ ನನ್ನದು. ನೆಲ ಎರಡು ಸಲ ಒರೆಸಿಸಿದೆ. ಕಿಟಕಿಗಳಿಗೆ ಒಗೆದು ಇಸ್ತ್ರಿ ಮಾಡಿದ ಪರದೆ ಹಾಕಿಸಿ ಪೂರಾ ಎಳೆಸಿದೆ. ಏಪ್ರಿಲ್ ಬಿಸಿಲು, ಅತಿಥಿಗಳ ಮುಖಕ್ಕೆ ಹೊಡೆಯಬಾರದು. ಹಿಂದಿನ ದಿನ ವಿದ್ಯುತ್ ಕಚೇರಿಗೆ ನಾನೇ ಹೋಗಿ, ನಾಳೆ ಎರಡರಿಂದ ನಾಲ್ಕು ಕರೆಂಟು ತೆಗೆಯಬೇಡಿ ಎಂದು ಒಪ್ಪಿಸಿ ಬಂದಿದ್ದೆ. ಓಣಿಯ ಎರಡೂ ಬದಿಗೆ ಎರಡು ಟ್ಯೂಬ್‌ಲೈಟ್ ಕಟ್ಟಿಸಿದೆ. ಒಂದು ಹೊಸದು. ಇನ್ನೊಂದು ಸ್ಟೋರಿನಲ್ಲಿದ್ದದ್ದು. ಲ್ಯಾಬ್ ಮದುವೆ ಮನೆಯಂತೆ ಬೆಳಗಿತು. ಆತ ನೋಡಿ, "ಛಲೋ ಆಗೇತ್ರಿ," ಎಂದ.

ಬೆಳಿಗ್ಗೆ ಆತನ ತಂದೆಯೂ ಬಂದಿದ್ದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಭಂಡಾರದ ಚೀಲ. ಮಗನ ಯಂತ್ರ ಮೊದಲ ಸಲ ದೊಡ್ಡವರ ಮುಂದೆ ಹಾರುತ್ತದೆಂದು, ನಾನು ತಡೆಯುವ ಮೊದಲೇ ಒಂದು ಹಿಡಿ ಅರಿಶಿನವನ್ನು ಬೀರಪ್ಪನ ಹೆಸರು ಹೇಳಿ ಅದರ ಮೇಲೆ ಎರಚಿಬಿಟ್ಟರು. ನಾನು ರೇಗಿದೆ. ಆತ ರೇಗಲಿಲ್ಲ. "ಇರಲಿ ಬಿಡ್ರಿ, ಅಪ್ಪಗೂ ಅಷ್ಟ ಹಕ್ಕ ಐತಿ" ಎಂದು ಹತ್ತಿಯ ಎಳೆ ತೆಗೆದುಕೊಂಡು ಒಂದೊಂದೇ ಮಸೂರವನ್ನು ಒಂದು ತಾಸು ಒರೆಸಿದ.

ಎರಡೂ ಇಪ್ಪತ್ತಕ್ಕೆ ಯಂತ್ರ ಎದ್ದಿತು. ಎರಡು ಮೊಳ ನೆಟ್ಟಗೆ ಬಂತು. ಆಮೇಲೆ ಎಡಗಡೆಯಿಂದ ಯಾರೋ ನೂಕಿದಂತೆ ಬಲಕ್ಕೆ ಸರಿದು ಗೋಡೆಗೆ ಬಡಿದು ಬಿತ್ತು. ಎರಡನೇ ಸಲ ಹಾಗೆಯೇ. ಮೂರನೇ ಸಲ ರೆಕ್ಕೆ ಮುರಿಯಿತು.

ಸಮಿತಿಯ ಹಿರಿಯರು ಸಜ್ಜನರು. ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. "ಪ್ರಯೋಗದ ದಿನ ಹೀಗಾಗುವುದುಂಟು. ನೀವು ಲ್ಯಾಬಿನ ಮೇಲ್ವಿಚಾರಕರಲ್ಲವೆ? ಇದು ಈ ಮೊದಲು ಸರಿಯಾಗಿ ಹಾರಿದ್ದನ್ನು ನೀವು ನೋಡಿದ್ದೀರಾ?"

ನಾನು ನೇರ ನಿಂತು ಹೇಳಿದೆ: "ಲಾಗ್‌ಬುಕ್ಕಿನಲ್ಲಿ ನಮೂದು ಇಲ್ಲ ಸರ್."

ಆತ ನನ್ನ ಕಡೆ ಒಮ್ಮೆ ನೋಡಿದ. ತಲೆಯನ್ನು ತುಸು ಎಡಕ್ಕೆ, ತುಸು ಬಲಕ್ಕೆ ಆಡಿಸಿದ. ಬಳಿಕ ಬಗ್ಗಿ ರೆಕ್ಕೆಯ ತುಂಡುಗಳನ್ನು ಆರಿಸಿಕೊಂಡ. ಅತಿಥಿಗಳಿಗೆ ಚಹಾ ಕೊಟ್ಟವನೂ ಆತನೇ.

ಹೊರಗೆ ತಂದೆ ಮಗನ ತೋಳು ಹಿಡಿದು, "ನನ್ನ ಭಂಡಾರ ಕಣ್ಣಾಗ ಹೋತೇನೋ ಯಪ್ಪಾ?" ಎಂದು ಕೇಳುತ್ತಿದ್ದರು. "ಇಲ್ಲ ಯಪ್ಪಾ, ಅದನ್ನೆಲ್ಲಾ ಒರಸೇನಿ," ಎಂದ ಆತ. ಅವರು ನಂಬಲಿಲ್ಲ. ಸಾಯುವವರೆಗೂ ನಂಬಲಿಲ್ಲವಂತೆ.

ಮೂರನೆಯ ದಿನ ಆತ ಓಡುತ್ತ ಬಂದ. ಮುಖ ಅರಳಿತ್ತು. ನನ್ನ ಮೇಜಿನ ಮೇಲಿನ ಟ್ಯೂಬ್‌ಲೈಟ್ ಹಾಕಿ ಅದರಡಿ ಪೆನ್ಸಿಲನ್ನು ಜೋರಾಗಿ ಬೀಸಿದ. ಒಂದು ಪೆನ್ಸಿಲ್ ಐದಾರು ಪೆನ್ಸಿಲಾಗಿ ಕಾಣಿಸಿತು. "ನೋಡ್ರಿ ಸರ, ನೋಡ್ರಿ! ಇದು ನಿಂತ ಬೆಳಕಲ್ರಿ. ಸೆಕೆಂಡಿಗೆ ನೂರ ಸರ್ತಿ ನಡಗತೈತಿ. ನಮ್ಮ ಕಣ್ಣ ಮಂದ, ನಮಗ ಕಾಣೂದಿಲ್ಲ. ಅದಕ್ಕ ಕಂಡೇತಿ! ಎಡಗಡೆ ಹಳೇ ಟ್ಯೂಬ್ ಭಾಳ ನಡಗತಿತ್ತು. ಎಡಗಡೆ ಗ್ವಾಡಿ ಜೋರ ಓಡಾಕತ್ತೇತಿ, ಹತ್ರ ಬಂದೈತಿ ಅಂತ ತಿಳಕೊಂಡು ಬಲಕ್ಕ ಸರದೈತಿ. ಕಣ್ಣ ತಪ್ಪ ಮಾಡಿಲ್ರಿ. ಇಷ್ಟ ದಿನ ನಾವು ಕರೆಂಟ್ ಇರಲಾರದ ಹೊತ್ತಿನ್ಯಾಗ ಹಾರಿಸೀವಿ, ಬಿಸಿಲ ಬೆಳಕಿನ್ಯಾಗ. ಅದಕ್ಕ ನಮಗ ಗೊತ್ತಾಗ್ಲಿಲ್ಲ."

ವರ್ಕ್‌ಶಾಪಿನಲ್ಲಿ ಪ್ರತಿ ವರ್ಷ ಹೊಸ ಹುಡುಗರಿಗೆ ನಾನು ಹೇಳಿಕೊಡುತ್ತಿದ್ದ ಮೊದಲ ಪಾಠಗಳಲ್ಲಿ ಒಂದು ಇದು: ತಿರುಗುವ ಲೇತಿನ ಮೇಲೆ ಒಂಟಿ ಟ್ಯೂಬ್‌ಲೈಟ್ ಇರಕೂಡದು, ಬೆಳಕು ನಡುಗುವುದರಿಂದ ಓಡುವ ಚಕ್ರ ನಿಂತಂತೆ ಕಂಡು ಕೈ ಹೋಗುತ್ತದೆ. ಇಪ್ಪತ್ತು ವರ್ಷ ಹೇಳಿದ್ದೆ. ಟ್ಯೂಬ್ ಕಟ್ಟಿಸುವಾಗ ನೆನಪಾಗಲಿಲ್ಲ. ಆತ ಪೆನ್ಸಿಲ್ ಬೀಸಿದಾಗ ನೆನಪಾಯಿತು. ಅದನ್ನು ಆತನಿಗೆ ಹೇಳಲಿಲ್ಲ.

"ಸರ, ಅವರಿಗೆ ಒಂದ ಪತ್ರ ಬರೀರಿ. ನೀವು ಬರದ್ರ ಕೇಳತಾರ. ಇನ್ನೊಂದ ಸರ್ತಿ ಬರ್ರಿ ಅನ್ರಿ. ಪರದೆ ತಗದ ಹಾರಸೂಣು."

"ವರದಿ ಹೋಗಿದೆ," ಎಂದೆ. "ಹೋದ ವರದಿಗೆ ಬಾಲ ಕಟ್ಟುವ ಪದ್ಧತಿ ಇಲ್ಲ."

ಆತ ಟ್ಯೂಬ್‌ಲೈಟ್ ಆರಿಸಿದ. ಪೆನ್ಸಿಲನ್ನು ಅದರ ಜಾಗದಲ್ಲಿ ಇಟ್ಟ. "ಹೂಂ ರೀ," ಎಂದು ಹೋದ. ಆ ಜೂನ್‌ನಲ್ಲಿ ನೇಮಕದ ಕಾಗದ ಬರಲಿಲ್ಲ.

ಬನಹಟ್ಟಿಗೆ ಬಂದು ಈ ಕೋಣೆ ಹಿಡಿದು ಮಗ್ಗಗಳ ಸುಟ್ಟ ಮೋಟಾರು ಸುತ್ತತೊಡಗಿದ. ಅದೇ ಕಣ್ಣನ್ನು ಮಗ್ಗಕ್ಕೆ ಜೋಡಿಸಿ, ಎಳೆ ಹರಿದ ಕ್ಷಣ ಮಗ್ಗ ತಾನೇ ನಿಲ್ಲುವಂತೆ ಮಾಡಿದ್ದನಂತೆ. ಅಣ್ಣ ನೋಡಿ, "ಹರದ ಎಳಿ ನೋಡಾಕ ಹೆಣ್ಣಾಳ ಅದಾಳ. ಮತ್ತ ಕಣ್ಣ ಯಾಕ?" ಎಂದನಂತೆ. ಆ ಹೆಣ್ಣಾಳು ಆತನ ಹೆಂಡತಿಯೇ. ಅದನ್ನೂ ತೆಗೆದಿಟ್ಟ.

ಆತ ಸಾಯುವ ಎರಡು ವರ್ಷ ಮೊದಲು ರಬಕವಿಯ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದ. ಕೂದಲು ಬೆಳ್ಳಗಾಗಿತ್ತು. ಏನು ನಡೆದಿದೆ ಎಂದೆ.

"ಮೋಟಾರ್ ಸುಡತಾವ, ನಾ ಸುತ್ತತೇನಿ. ನಾ ಸುತ್ತತೇನಿ, ಅವು ಸುಡತಾವ."

"ಮತ್ತೆ ನೊಣ?"

"ನೊಣಾ ಬೆಲ್ಲದ ಮ್ಯಾಲ ಅದಾವ್ರಿ. ಆರಾಮ ಅದಾವ." ನಕ್ಕ. ನನ್ನ ಚೀಲವನ್ನು ತಾನೇ ಬಸ್ಸಿಗೆ ಏರಿಸಿದ. ದೂರು ಎಂಬುದು ಆ ಮುಖದಲ್ಲಿ ಹುಡುಕಿದರೂ ಸಿಗಲಿಲ್ಲ. ಸಿಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು.

ಇನ್ನು ಶನಿವಾರದ ಕೆಲಸ. ಹನ್ನೆರಡೂವರೆಗೆ ಪಾಲಿಟೆಕ್ನಿಕ್‌ಗೆ ಫೋನ್ ಮಾಡಿದೆ. ಈಗಿನ ವಿಭಾಗದ ಮುಖ್ಯಸ್ಥ ಹೊಸಬ, ವಿನಯವಂತ. "ಸರ, ಅದನ್ನ ತಗೊಂಡ ನಾವೇನ ಮಾಡೂಣ್ರಿ? ಈಗ ಡ್ರೋನ್ ಅಂಗಡ್ಯಾಗ ಸಿಗತಾವ. ಮದವಿ ಫೋಟೋ ತಗ್ಯಾಕ ನಮ್ಮ ಹುಡುಗರೇ ಹಾರಸ್ತಾರ." ಹೌದು ಎಂದು ಇಟ್ಟೆ. ಎರಡನೆಯ ಗುಂಪಿನಲ್ಲಿದ್ದದ್ದನ್ನೆಲ್ಲ ಮೂರನೆಯದಕ್ಕೆ ಸೇರಿಸಿದೆ. ಮೂರಕ್ಕೆ ಗುಜರಿಯವನು ಬಂದು ಗೋಣಿಚೀಲದಲ್ಲಿ ತುಂಬಿಕೊಂಡ. ಮಸೂರ ಕೂರಿಸಿದ ಕಣ್ಣುಗಳು ಒಂದು ಬಿಸ್ಕತ್ ಡಬ್ಬಿಯಲ್ಲಿದ್ದವು. ಎತ್ತಿ ನೋಡಿ, "ಇದರಾಗ ತಾಂಬ್ರ ಐತೇನ್ರಿ?" ಎಂದು ಕೇಳಿದ. ಇಲ್ಲ ಎಂದೆ. ಆದರೂ ತೆಗೆದುಕೊಂಡ, ಡಬ್ಬಿಯ ಸಲುವಾಗಿ.

ಪಟ್ಟೆಯ ಬಟ್ಟೆ ಅಟ್ಟದ ಮೇಲೆ ಸಿಕ್ಕಿತು. ದಡಿಯ ಗುಂಡುಸೂಜಿಗಳಿಗೆ ತುಕ್ಕು ಹಿಡಿದಿತ್ತು. ಹೆಂಡತಿ ಅದನ್ನು ಇಳಿಸಿಕೊಂಡು ಸೂಜಿಗಳನ್ನು ಒಂದೊಂದಾಗಿ ಕಿತ್ತು, ಮಡಚಿ, ಮೊದಲನೆಯ ಗುಂಪಿಗೆ ಇಟ್ಟಳು. ಆ ಗುಂಪಿನಲ್ಲಿ ಅದೊಂದೇ.

ನಾಲ್ಕೂವರೆಗೆ ನಾನು ಕಸಬರಿಗೆ ಹಿಡಿದಿದ್ದೆ. ಆಕೆ ಹೊಸ್ತಿಲ ಮೇಲೆ ಕೂತು ಕೇಳಿದಳು. "ಸರ, ಒಂದ ಮಾತ ಖರೇ ಹೇಳ್ರಿ. ಅದು ಹಾರತಿತ್ತೇನು?"

ನಾನು ಗುಡಿಸುವುದನ್ನು ನಿಲ್ಲಿಸಿದೆ.

"ನಾ ನೋಡ್ಲಿಲ್ಲ. ಯಾರೂ ನೋಡ್ಲಿಲ್ಲ. 'ಸರ ನೋಡ್ಯಾರ' ಅಂತಿದ್ರು ಅವರು. ನಮ್ಮ ಅಣ್ಣ, ಓಣಿ ಮಂದಿ, ಎಲ್ಲಾರೂ ಹುಚ್ಚ ಅಂದ್ರು. ಹೋದ ಮ್ಯಾಲೂ ಅಂತಾರ. ಅವರು ಹುಚ್ಚರೇನ್ರಿ? ಅಷ್ಟ ಹೇಳ್ರಿ."

"ಹಾರುತ್ತಿತ್ತಮ್ಮ," ಎಂದೆ. "ಹನ್ನೊಂದು ಸಲ. ಈ ತುದಿಯಿಂದ ಆ ತುದಿ. ಎಲ್ಲಿಯೂ ತಾಗಲಿಲ್ಲ. ನಾನು ಎಣಿಸಿದ್ದೇನೆ."

ಆಕೆ ನನ್ನ ಕಡೆ ಪೂರ್ತಿ ತಿರುಗಿ ಕೂತಳು. "ಆ ದೊಡ್ಡ ಮಂದಿ ಬಂದ ದಿನಾ ನಿಮ್ಮನ್ನ ಕೇಳಿದ್ರಂತ."

"ಕೇಳಿದರು."

"ಹೇಳಿದ್ರೇನು?"

"ಇಲ್ಲ."

"ಯಾಕ್ರಿ?"

ಬಂದ್ ಎಂದು ನಾನೇ ಬರೆದ ಚೌಕ, ಬರೆಯದ ಲಾಗ್‌ಬುಕ್ಕು, ಎಳೆಸಿದ ಪರದೆ, ಕಟ್ಟಿಸಿದ ಟ್ಯೂಬು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಎಷ್ಟು ತಿಳಿಯಿತೋ ಗೊತ್ತಿಲ್ಲ. ಆಕೆ ಅಳಲಿಲ್ಲ, ಬಯ್ಯಲೂ ಇಲ್ಲ. ಎದ್ದು ಸೆರಗು ಕೊಡವಿದಳು. "ನನಗ ಹೇಳಿದ್ದ ಸಾಕಾಗೂದಿಲ್ರಿ. ಅಣ್ಣಗ ಹೇಳ್ರಿ. ಮಂದ್ಯಾಗ ಹೇಳ್ರಿ."

ಉಳಿದ ಕಸ ತೆಗೆದೆ. ಮೊಳೆಗಳನ್ನು ಕಿತ್ತೆ. ಬೀಗ ಹಾಕಿದೆ. ಅಣ್ಣ ಶೆಡ್ಡಿನ ಎದುರಿನ ಚಹಾದ ಅಂಗಡಿಯಲ್ಲಿ ನಾಲ್ಕೈದು ಜನರೊಂದಿಗೆ ಕೂತಿದ್ದ. ನಾನು ಅವರ ಮುಂದೆ ನಿಂತೆ. ಎಂದೋ ನಿಲ್ಲಬೇಕಾಗಿದ್ದಂತೆ ನಿಂತು ಹೇಳಿದೆ: ನಿಮ್ಮ ಭಾವನ ಯಂತ್ರ ಹಾರುತ್ತಿತ್ತು, ಹನ್ನೊಂದು ಸಲ ನಾನು ಕಣ್ಣಾರೆ ನೋಡಿದ್ದೇನೆ, ಸಮಿತಿಯ ದಿನ ಅದು ಬಿದ್ದದ್ದು ನನ್ನ ಏರ್ಪಾಟಿನಿಂದ, ಕೇಳಿದಾಗ ನಾನು ಬಾಯಿ ಬಿಡಲಿಲ್ಲ.

ಮಗ್ಗಗಳ ಸದ್ದಿಗೆ ಕೇಳಿಸದೆ ಒಬ್ಬ, "ಏನಂತ?" ಎಂದ. ಇನ್ನೊಬ್ಬ, "ನೊಣದ ಸುದ್ದಿ" ಎಂದ. ಯಾರೋ ನಕ್ಕರು. ಅಣ್ಣ ನಗಲಿಲ್ಲ. ಚಹಾದ ಲೋಟ ಕೆಳಗಿಟ್ಟು ನನ್ನನ್ನು ನೋಡಿದ.

"ಸರ, ನೀವು ದೊಡ್ಡವರು, ಸುಳ್ಳ ಯಾಕ ಹೇಳ್ತೀರಿ? ಹಾರಿರಬೇಕು. ಆದ್ರ ಈಗ ಹೇಳಿದ್ರ ಏನ ಬಂತ್ರಿ? ಅವನ ಕಿವ್ಯಾಗ ಬೀಳೂದಿಲ್ಲ." ಕೈ ಚಾಚಿದ. "ಅದಿರ್ಲಿ. ಖೋಲಿ ಖಾಲಿ ಆತಿಲ್ಲೋ?"

"ಆಯಿತು," ಎಂದೆ.

ಕೀಲಿ ಕೊಟ್ಟೆ. ಐದು ಗಂಟೆ ಐವತ್ತು ನಿಮಿಷ.